ಊಟ ಆದಮೇಲೆ ಕೂತು ಕೈಯಲ್ಲಿ ಕೌದಿ ಹೊಲಿಯುವವರು ಇನ್ನೂ ಇದ್ದೀರಾ?

ಸೂಜಿಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ತವರು ಬಾದಾಮಿ ಕಡೆ, ಈಗ ಬೆಂಗಳೂರು. ಅಮ್ಮನ ಹಳೆ ಇಳಕಲ್ ಸೀರೆಗಳು, ಅಪ್ಪನ ಧೋತರ, ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ತುಂಡುಗಳು ಒಂದು ಟ್ರಂಕಿನಲ್ಲಿ ಸುಮ್ನೆ ಬಿದ್ದಿದ್ದವು. ಈ ಮಳೆಗಾಲದಲ್ಲಿ ಅವನ್ನೆಲ್ಲ ಹೊರಗೆ ತೆಗೆದು ಕೌದಿ, ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿದ ಹೊದಿಕೆ, ಹೊಲಿಯಲು ಕೂತಿದ್ದೇನೆ. ಕೈಹೊಲಿಗೆ ಮಾತ್ರ, ಮಷೀನ್ ಇಲ್ಲ. ರಾತ್ರಿ ಊಟ ಮುಗಿದಮೇಲೆ ಮೊಬೈಲ್ ಅಡುಗೆಮನೆಯಲ್ಲಿಟ್ಟು ಬಂದು ಹೊಲಿಯುತ್ತೇನೆ. ಆಫೀಸಿನ ತಲೆಬಿಸಿ ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ. ಎಣಿಸಬೇಕಾಗಿಲ್ಲ, ನಕ್ಷೆ ನೋಡಬೇಕಾಗಿಲ್ಲ.

ತೊಂದರೆ ಎರಡು. ಮೇಲಿನ ತುಂಡುಗಳನ್ನೆಲ್ಲ ಮೊದಲೇ ಜೋಡಿಸಿಕೊಂಡೆ. ಆಮೇಲೆ ಕೆಳಗೆ ಸೀರೆಗಳ ಪದರ ಇಟ್ಟು ಅಂಚಿನಿಂದ ಹೊಲಿಯುತ್ತಾ ಬಂದರೆ ನಡುವೆ ಬಟ್ಟೆ ಪೂರಿ ಉಬ್ಬಿದ ಹಾಗೆ ಉಬ್ಬುತ್ತಿದೆ. ಇನ್ನೊಂದು, ಮನೆಯವರದ್ದು ದಿನಾ ಒಂದೇ ರಾಗ: "ಮಷೀನಿಗೆ ಕೊಟ್ಟರೆ ಮಧ್ಯಾಹ್ನದೊಳಗೆ ಮುಗಿಯುತ್ತೆ, ಇದೇನು ವನವಾಸ?" ಮೊದಲನೆಯದಕ್ಕೆ ಉಪಾಯ ಹೇಳಿ. ಎರಡನೆಯದಕ್ಕೆ ಉತ್ತರ ಹೇಳಿಕೊಡಿ.

ಗುಂಡಣ್ಣ
ಮನೆಯವರ ಕಡೆ ನನ್ನದೊಂದು ಓಟು. ರಜಾಯಿ ಆನ್‌ಲೈನಲ್ಲಿ ಬರುತ್ತೆ, ಎರಡೇ ದಿನ.

ಹಳೇ ಧಾರವಾಡ
ಗುಂಡಣ್ಣ, ಆ ರಜಾಯಿ ಎರಡು ಸಲ ಒಗೆದರೆ ಒಳಗಿನ ಹತ್ತಿಯೆಲ್ಲ ಒಂದು ಮೂಲೆಗೆ ಸೇರಿ ಗಂಟು ಕಟ್ಟುತ್ತೆ. ಕೌದಿಯಲ್ಲಿ ಒಳಗೆ ಹತ್ತಿಯೇ ಇಲ್ಲ, ಬರೀ ಬಟ್ಟೆ. ಬೆರಳಗಲಕ್ಕೊಂದು ಸಾಲು ಹೊಲಿಗೆ ಓಡಿರುತ್ತೆ. ಒಳಗಿನ ಸೀರೆ ಎಲ್ಲಿಗೆ ಹೋಗಬೇಕು? ನಮ್ಮ ಆಯಿ ಹೊಲಿದಿದ್ದು ಇನ್ನೂ ಬಳಕೆಯಲ್ಲಿದೆ. ಮೇಲಿನ ಬಟ್ಟೆ ಸವೆದರೆ ಅದರ ಮೇಲೇ ಇನ್ನೊಂದು ತೇಪೆ. ಕೌದಿ ಹರಿದು ಹಾಳಾಗುವುದಿಲ್ಲ, ದಪ್ಪ ಆಗುತ್ತಾ ಹೋಗುತ್ತದೆ ಅಷ್ಟೇ.

ಗುಂಡಣ್ಣ
ಹೌದು, ನಮ್ಮ ಅಜ್ಜಿ ಮನೆಯದೊಂದು ಇತ್ತು. ಹೊದ್ದರೆ ಮಗ್ಗಲು ಬದಲಿಸಲು ಆಗುತ್ತಿರಲಿಲ್ಲ 😀

ಟೈಲರ್ ಮಾವ
ಉಬ್ಬುವುದಕ್ಕೆ ಕಾರಣ ಇಷ್ಟೇ. ಪದರಗಳನ್ನು ಒಂದಕ್ಕೊಂದು ಹಿಡಿಸದೆ ಹೊಲಿಗೆ ಶುರು ಮಾಡಿದ್ದೀರಿ. ನೆಲದ ಮೇಲೆ ಚೆನ್ನಾಗಿ ಎಳೆದು ಹಾಸಿ. ನಾಲ್ಕು ಮೂಲೆಗೂ ಭಾರ ಇಡಿ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಆಮೇಲೆ ಬೇರೆ ಬಣ್ಣದ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಗೇಣಿಗೊಂದು ಸಾಲು, ಅಡ್ಡಕ್ಕೂ ಉದ್ದಕ್ಕೂ. ನಿಜವಾದ ಹೊಲಿಗೆ ಮುಗಿದ ಹಾಗೆ ಅದನ್ನು ಕಿತ್ತು ಹಾಕುತ್ತಾ ಹೋಗಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಇದನ್ನು ಬಿಟ್ಟವರ ಕೌದಿ ಸೊಟ್ಟಗಾಗುವುದು ಗ್ಯಾರಂಟಿ.

ಇನ್ನೊಂದು ಮಾತು. ಬಟ್ಟೆ ಎಲ್ಲಾ ಒಂದೇ ಜಾತಿಯದ್ದು ಇರಲಿ. ಕಾಟನ್ ಜೊತೆ ಟೆರಿಕಾಟ್ ಸೇರಿಸಬೇಡಿ. ಒಂದು ಕುಗ್ಗುತ್ತೆ, ಇನ್ನೊಂದು ಕುಗ್ಗಲ್ಲ. ಒಗೆದಮೇಲೆ ಎಲ್ಲಾ ಸುಕ್ಕು.

ಟೆಕ್ಸಾಸ್ ಕನ್ನಡತಿ
ಮಾವ ಹೇಳಿದ್ದು ಸರಿ, ಜೊತೆಗೆ ಅಂಚಿನಿಂದ ಹೊಲಿಯಬಾರದು. ಇಲ್ಲಿ ನಾನು ಕ್ವಿಲ್ಟ್ (ಇಲ್ಲಿಯವರ ಕೌದಿ ಅನ್ನಿ) ಹೊಲಿಯುವ ಒಂದು ಗುಂಪಿಗೆ ಹೋಗುತ್ತೇನೆ, ಬಹಳ ಜನ ಅಜ್ಜಿಯರು. ಅವರು ಮೊದಲು ಕಲಿಸುವುದೇ ಇದು: ಮರದ ದೊಡ್ಡ ಬಳೆಯಂಥ ಚೌಕಟ್ಟಿಗೆ ಬಟ್ಟೆ ಸಿಕ್ಕಿಸು, ನಡುವಿನಿಂದ ಶುರು ಮಾಡು, ಹೊರಕ್ಕೆ ಹೋಗು. ಹೆಚ್ಚಾದ ಬಟ್ಟೆ ಅಂಚಿಗೆ ಹೋಗಿ ಸೇರುತ್ತೆ. ಅಲ್ಲಿ ಕತ್ತರಿಸಿದರಾಯಿತು.

ದಾರ ಹದಿನೆಂಟು ಇಂಚಿಗಿಂತ ಉದ್ದ ತೆಗೆದುಕೊಳ್ಳಬೇಡಿ. ಜಾಸ್ತಿ ಉದ್ದ ಇದ್ದರೆ ಸಿಕ್ಕಾಗುತ್ತೆ, ಬಟ್ಟೆಯೊಳಗೆ ಓಡಾಡಿ ಓಡಾಡಿ ನಾರುನಾರಾಗುತ್ತೆ.

ಹಳೇ ಧಾರವಾಡ
ಹದಿನೆಂಟು ಇಂಚು ಅಂದರೆ ಒಂದು ಮೊಳ. ಆಯಿ ದಾರವನ್ನು ಮೊಣಕೈಯಿಂದ ಬೆರಳ ತುದಿಗೆ ಅಳೆದೇ ಕಡಿಯುತ್ತಿದ್ದಳು. ಟೆಕ್ಸಾಸಿನವರಿಗೂ ಮೊಣಕೈ ಅಷ್ಟೇ ಉದ್ದ ಅಂತಾಯಿತು.

ಕಾಡಿನ ಮೇಷ್ಟ್ರು
ಅಂಚಿನಿಂದ ಹೊಲಿಯಬಾರದು ಅನ್ನುವ ಮಾತಿಗೆ ನನ್ನ ತಕರಾರಿದೆ. ನಾನು ಹಳಿಯಾಳ ತಾಲೂಕಿನಲ್ಲಿ ಶಾಲೆ ನಡೆಸಿದವನು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಶುರುವಾಗುವುದೇ ಮೂಲೆಯಿಂದ. ಅಂಚಿನಗುಂಟ ಸುತ್ತು ಹಾಕುತ್ತಾ, ಸುತ್ತು ಸಣ್ಣದಾಗುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಎಲ್ಲೂ ಉಬ್ಬುವುದಿಲ್ಲ. ಅಂಗಳದಲ್ಲಿ ಕೂತು ನೋಡಿದ್ದೇನೆ. ಎಡಗೈ ಹೆಬ್ಬೆರಳಿನಿಂದ ತುಂಡಿನ ಅಂಚನ್ನು ಒಳಕ್ಕೆ ಮಡಿಚುತ್ತಾರೆ, ಉಗುರಿನಿಂದ ಒಮ್ಮೆ ಒತ್ತುತ್ತಾರೆ, ಅಷ್ಟರಲ್ಲಿ ಬಲಗೈ ಸೂಜಿಯಲ್ಲಿ ನಾಲ್ಕೈದು ಹೊಲಿಗೆ ಪೋಣಿಸಿ ಒಟ್ಟಿಗೆ ಎಳೆದಿರುತ್ತೆ. ಅಳತೆಪಟ್ಟಿ ಇಲ್ಲ, ಸೀಮೆಸುಣ್ಣದ ಗೆರೆ ಇಲ್ಲ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಿಚಿ ತ್ರಿಕೋನದ ಹೂವಿನಂಥದ್ದು ಹೊಲಿಯುತ್ತಾರೆ, ಅದನ್ನು ಫುಲಾ ಅನ್ನುತ್ತಾರೆ. ಅದಿಲ್ಲದೆ ಕವಂದಿ ಮುಗಿದ ಲೆಕ್ಕವೇ ಅಲ್ಲ.

ಟೆಕ್ಸಾಸ್ ಕನ್ನಡತಿ
ಮೇಷ್ಟ್ರೇ, ಅಂಚಿನಿಂದ ಬಂದರೆ ಹೆಚ್ಚಾದ ಬಟ್ಟೆ ನಡುವೆ ಸಿಕ್ಕಿಹಾಕಿಕೊಳ್ಳುತ್ತೆ. ಇದು ಲೆಕ್ಕ, ಅಭಿಪ್ರಾಯ ಅಲ್ಲ.

ಕಾಡಿನ ಮೇಷ್ಟ್ರು
ನಿಮ್ಮ ಲೆಕ್ಕಕ್ಕಿಂತ ಅವರ ಕವಂದಿ ಹಳೆಯದು ಮೇಡಂ.

ಟೈಲರ್ ಮಾವ
ಜಗಳ ಬೇಡ, ಇಬ್ಬರೂ ಸರಿ. ಕವಂದಿಯಲ್ಲಿ ಮೇಲಿನ ಪದರ ಅಂತ ಒಂದು ತಯಾರಾದ ಬಟ್ಟೆಯೇ ಇರುವುದಿಲ್ಲ. ಕೆಳಗೆ ಸೀರೆ, ಅದರ ಮೇಲೆ ಒಂದೊಂದೇ ತುಂಡು ಇಡುವುದು, ಇಟ್ಟದ್ದನ್ನು ಅಲ್ಲೇ ಹೊಲಿಯುವುದು, ಮುಂದಿನ ತುಂಡು ಆಮೇಲೆ. ಅಷ್ಟಷ್ಟೇ ಬಟ್ಟೆ ಸೇರುತ್ತಾ ಹೋಗುವಾಗ ಹೆಚ್ಚಾಗಲು ಜಾಗವೇ ಇಲ್ಲ. ಸ್ವಲ್ಪ ಸಡಿಲ ಆದರೂ ಮುಂದಿನ ತುಂಡಿನ ಕೆಳಗೆ ಮಡಿಚಿ ಮುಚ್ಚಬಹುದು. ಸೂಜಿಮಲ್ಲಿಗೆಯವರು ಮೇಲಿನದನ್ನು ಮೊದಲೇ ಪೂರ್ತಿ ಜೋಡಿಸಿಕೊಂಡಿದ್ದಾರೆ. ಅದರ ಅಳತೆ ಆಗಲೇ ತೀರ್ಮಾನ ಆಗಿಹೋಗಿದೆ. ಹಾಗಾಗಿ ಇವರಿಗೆ ನಡುವಿನಿಂದ ಹೊಲಿಯುವುದೇ ದಾರಿ.

ಸೂಜಿಮಲ್ಲಿಗೆ
ಮಾವ, ಕೈ ಮುಗಿದೆ! ಈಗ ಅರ್ಥ ಆಯಿತು. ಹಾಗಾದರೆ ಅಂಚಿನಲ್ಲಿ ಹೊಲಿದಿದ್ದನ್ನು ಬಿಚ್ಚಬೇಕಾ?

ಟೈಲರ್ ಮಾವ
ಬಿಚ್ಚಿ. ಕೈಹೊಲಿಗೆಯ ಸುಖ ಅದೇ ಅಲ್ವಾ, ದಾರದ ತುದಿ ಹಿಡಿದು ಎಳೆದರೆ ಬರುತ್ತೆ. ಮಷೀನ್ ಹೊಲಿಗೆ ಬಿಚ್ಚಲು ಬ್ಲೇಡು ಬೇಕು.

ಕಾಫಿಪುಡಿ
ನನ್ನದು ದಡ್ಡ ಪ್ರಶ್ನೆ. ಸಿದ್ದಿಗಳದ್ದೂ ಬಾದಾಮಿ ಕಡೆಯದ್ದೂ ಒಂದೇನಾ?

ಕಾಡಿನ ಮೇಷ್ಟ್ರು
ಅಕ್ಕತಂಗಿ ಅನ್ನಿ. ಸಿದ್ದಿಗಳು ಆಫ್ರಿಕಾ ಮೂಲದವರು, ಶತಮಾನಗಳ ಹಿಂದೆ ಬಂದು ಪಶ್ಚಿಮ ಘಟ್ಟದ ಕಾಡಿನಂಚಿನಲ್ಲಿ ನೆಲೆಸಿದವರು. ಉತ್ತರ ಕನ್ನಡದವರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅವರಲ್ಲಿ ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಮೂರೂ ಇದ್ದಾರೆ, ಮೂವರೂ ಕವಂದಿ ಹೊಲಿಯುತ್ತಾರೆ. ಕೆಲವರ ಕವಂದಿಯಲ್ಲಿ ಶಿಲುಬೆ ಬರುತ್ತೆ, ಕೆಲವರದ್ದರಲ್ಲಿ ಅರ್ಧಚಂದ್ರ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಅದಾದಮೇಲೆ ನಮ್ಮವರಿಗೂ ಅದು ಕಲೆ ಅಂತ ಕಾಣಿಸಿತು. ಅಲ್ಲಿಯವರೆಗೆ ಅದು ಚಿಂದಿ.

ಟೆಕ್ಸಾಸ್ ಕನ್ನಡತಿ
ಇಲ್ಲಿಯದೂ ಇದೇ ಕಥೆ. ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಹೊಳೆ ತಿರುವಿನಲ್ಲೊಂದು ಪುಟ್ಟ ಊರು. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಇರುವ ಜಾಗ. ಅಲ್ಲಿನ ಹೆಂಗಸರು ಹೊಲದಲ್ಲಿ ಹಾಕಿ ಸವೆದ ಪ್ಯಾಂಟು, ಅಂಗಿಗಳಿಂದ ಚಳಿಗೆ ಅಂತ ಹೊಲಿದುಕೊಂಡದ್ದನ್ನು 2002ರಲ್ಲಿ ನಮ್ಮ ಹ್ಯೂಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂ ಗೋಡೆಗೆ ತೂಗುಹಾಕಿತು. 2006ರಲ್ಲಿ ಅಂಚೆ ಚೀಟಿಗಳೂ ಬಂದವು. ಮೊಣಕಾಲಿನ ಜಾಗದಲ್ಲಿ ಬಣ್ಣ ಮಾಸಿದ ಪ್ಯಾಂಟಿನ ಬಟ್ಟೆ ಹಾಗೇ ಕಾಣುತ್ತೆ. ಜೇಬು ಕಿತ್ತ ಜಾಗ ಮಾತ್ರ ಗಾಢ ನೀಲಿ, ಬಿಸಿಲು ಬಿದ್ದೇ ಇಲ್ಲವಲ್ಲ. ಅದನ್ನು ನೋಡಿದಮೇಲೆ ಅಂಗಡಿಯಿಂದ ಹೊಸ ಬಟ್ಟೆ ತಂದು ಕತ್ತರಿಸಿ ಕ್ವಿಲ್ಟ್ ಮಾಡುವುದು ಯಾಕೋ ನನಗೆ ಸರಿಬರಲಿಲ್ಲ.

ಕಾಫಿಪುಡಿ
ಹೊಸ ಬಟ್ಟೆ ಕತ್ತರಿಸಿ ಮತ್ತೆ ಜೋಡಿಸುವುದಾ? ನಮ್ಮತ್ತೆ ಕೇಳಿದರೆ ಬೈದು ಸಾಯಿಸುತ್ತಾರೆ.

ಮಲಪ್ರಭಾ ದಂಡೆ
ಎಲ್ಲರೂ ಆರಾಮ, ನೆಮ್ಮದಿ ಅನ್ನುತ್ತಿದ್ದೀರಿ. ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ಕೌದಿ ಹೊಲಿಯುವ ಹೆಂಗಸರು ಓಣಿಗೆ ಬರುತ್ತಿದ್ದರು. ಹೊಲದ ಕೆಲಸ ಇರುವುದಿಲ್ಲ, ಹಾಗಾಗಿ ಆಗಲೇ ಬರುವುದು. ನಾವು ಅರಿವೆ ಕೊಡಬೇಕು, ದಾರ ಕೊಡಬೇಕು. ಅವರು ನಮ್ಮ ಪಡಸಾಲೆಯಲ್ಲೇ ಕೂತು ಹೊಲಿಯುತ್ತಿದ್ದರು. ಕೂಲಿಯಲ್ಲಿ ಸ್ವಲ್ಪ ದುಡ್ಡು, ಸ್ವಲ್ಪ ಜೋಳ, ಮಧ್ಯಾಹ್ನಕ್ಕೆ ರೊಟ್ಟಿ. ದಿನವಿಡೀ ಬಗ್ಗಿ ಕೂತವರಿಗೆ ಸಂಜೆ ಏಳುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಅವರನ್ನು ಯಾರಾದರೂ ಕೇಳಿದ್ದೀರಾ, ನಿಮಗೂ ತಲೆ ಹಗುರ ಆಗುತ್ತಾ ಅಂತ?

ಕಳೆದ ವರ್ಷ ಊರಿನ ಒಬ್ಬರ ಕೌದಿಯನ್ನು ನಗರದ ಒಂದು ಮಳಿಗೆಗೆ ಕೊಟ್ಟೆವು. ಅಲ್ಲಿ ಹಾಕಿದ ಬೆಲೆಯೇ ಬೇರೆ, ಆಕೆಯ ಕೈಗೆ ಬಂದದ್ದೇ ಬೇರೆ. ಎರಡಕ್ಕೂ ಸಂಬಂಧವೇ ಇರಲಿಲ್ಲ. ಕೇಳಿದರೆ "ಬ್ರ್ಯಾಂಡಿಂಗ್ ಖರ್ಚು" ಅಂದರು.

ಗುಂಡಣ್ಣ
ಅದಕ್ಕೇ ನಾನು ಹೇಳಿದ್ದು, ಮಷೀನ್!

ಮಲಪ್ರಭಾ ದಂಡೆ
ನೀವು ಹೇಳಿದ್ದು ಅದಕ್ಕಲ್ಲ ಸರ್.

ಸೂಜಿಮಲ್ಲಿಗೆ
ಮಲಪ್ರಭಾ ಅವರೇ, ನೀವು ಹೇಳಿದ್ದು ತಳ್ಳಿಹಾಕುವಂಥದ್ದಲ್ಲ. ಆದರೆ ಹೊಟ್ಟೆಪಾಡಿಗೆ ಅಡುಗೆ ಮಾಡುವವರಿದ್ದಾರೆ ಅಂತ ಮನೆಯಲ್ಲಿ ಖುಷಿಗೆ ಅಡುಗೆ ಮಾಡಬಾರದಾ? ಗಡುವಿದ್ದರೆ ಯಾವ ಕೆಲಸವೂ ಭಾರ. ನನಗೆ ಗಡುವಿಲ್ಲ, ಅದಕ್ಕೇ ಆರಾಮ. ಅದು ನನ್ನ ಅದೃಷ್ಟ, ಒಪ್ಪುತ್ತೇನೆ.

ಬಾಗಲಕೋಟೆ ಬಸ್ಸು
ಪಡಸಾಲೆಯಲ್ಲಿ ಕೂತು ಹೊಲಿಯುತ್ತಿದ್ದವರ ಮಗಳು ನಾನು. ಕೂಲಿ ಕಡಿಮೆ ಅನ್ನುವುದು ನೂರಕ್ಕೆ ನೂರು ನಿಜ. ಅವ್ವನ ಕಣ್ಣು ಹೋಗಿದ್ದೂ ನಿಜ. ಆದರೆ ಅವ್ವ ಮೂರು ಜನ ಹೆಂಗಸರ ಜೊತೆ ಕೂತು ಹೊಲಿಯುವಾಗ ಹಾಡುತ್ತಿದ್ದಳು, ಅತ್ತೆಯಂದಿರನ್ನು ಆಡಿಕೊಂಡು ನಗುತ್ತಿದ್ದಳು. ಒಬ್ಬೊಬ್ಬರು ಒಂದೊಂದು ಅಂಚು ಹಿಡಿಯುತ್ತಿದ್ದರು. ಯಾರ ಸಾಲು ಸೊಟ್ಟ ಅಂತ ಜಗಳ. ಪಾಪ, ಬರೀ ಕಷ್ಟ ಅಂತ ಬರೆದು ಅವರ ನಗುವನ್ನೂ ಕಿತ್ತುಕೊಳ್ಳಬೇಡಿ. ದುಡ್ಡು ಜಾಸ್ತಿ ಕೊಡಿ, ಅಷ್ಟು ಸಾಕು.

ಮಲಪ್ರಭಾ ದಂಡೆ
ಒಪ್ಪಿದೆ ಅಕ್ಕ. ನಿಮ್ಮ ಮಾತಿಗೆ ನನ್ನ ಹತ್ತಿರ ಎದುರುಮಾತಿಲ್ಲ.

ರಿಟೈರ್ಡ್ ಕಂಡಕ್ಟರ್
ಗಂಡಸರು ಬರೆಯಬಹುದಾ ಇಲ್ಲಿ? ಹೆಂಡತಿ ಅರ್ಧಕ್ಕೆ ಬಿಟ್ಟಿದ್ದ ಕೌದಿ ಮನೆಯಲ್ಲಿತ್ತು, ಆಕೆಗೆ ಈಗ ಕಣ್ಣು ಕಾಣುವುದಿಲ್ಲ. ನಾನೇ ಮುಂದುವರಿಸುತ್ತಿದ್ದೇನೆ. ಆಕೆ ಪಕ್ಕದಲ್ಲಿ ಕೂತು ಬೆರಳಾಡಿಸಿ ನೋಡಿ, "ಇಲ್ಲಿ ಹೊಲಿಗೆ ಉದ್ದ ಆಯಿತು, ಬಿಚ್ಚಿ" ಅನ್ನುತ್ತಾಳೆ. ಸರ್ವಿಸಿನಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರಿಗೂ ಇಷ್ಟು ಹೆದರಿರಲಿಲ್ಲ.

ನನ್ನ ಸಮಸ್ಯೆ ಬೇರೆ. ಸೂಜಿಗೆ ದಾರ ಪೋಣಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಕೆಳಗಿನ ಕೈಬೆರಳು ಚುಚ್ಚಿ ಚುಚ್ಚಿ ಜರಡಿ ಆಗಿದೆ.

ಹಳೇ ಧಾರವಾಡ
ಸರ್, ಬರೆಯಬಹುದಾ ಅಂತ ಕೇಳುವುದೇನು, ನೀವೇ ಈ ಚರ್ಚೆಯ ಹೀರೋ.

ಟೈಲರ್ ಮಾವ
ಕಂಡಕ್ಟರ್ ಸಾಹೇಬರೇ, ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ, ಜೇನುಮೇಣದ ಮೇಲೆ ಒಮ್ಮೆ ಎಳೆಯಿರಿ. ತುದಿ ಸೆಟೆದು ನಿಲ್ಲುತ್ತೆ, ಸಿಕ್ಕೂ ಆಗಲ್ಲ. ಸಂಜೆ ಕೂರುವ ಮೊದಲು ಹಗಲು ಬೆಳಕಿನಲ್ಲೇ ಹತ್ತು ಸೂಜಿಗೆ ದಾರ ಪೋಣಿಸಿ ಒಂದು ಬಟ್ಟೆಗೆ ಚುಚ್ಚಿಟ್ಟುಕೊಳ್ಳಿ. ತಂತಿಯ ಕುಣಿಕೆ ಇರುವ ಪುಟ್ಟ ತಗಡು ಸಿಗುತ್ತೆ, ದಾರ ಪೋಣಿಸಲೆಂದೇ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿ, ಕಡಿಮೆ ಬೆಲೆ. ಬಲಗೈ ನಡುಬೆರಳಿಗೆ ಲೋಹದ ಟೋಪಿ ಹಾಕಿ. ಕೆಳಗಿನ ಬೆರಳಿಗೆ ಮಾತ್ರ ಏನೂ ಬೇಡ. ಸೂಜಿಮೊನೆ ಬಂತು ಅಂತ ತಿಳಿಯುವುದೇ ಆ ಬೆರಳಿಗೆ. ತಾಗಿದ ತಕ್ಷಣ ಸೂಜಿ ಹಿಂದಕ್ಕೆ ವಾಲಿಸಿ ಮೇಲೆ ತರಬೇಕು. ಕೆಲವು ವಾರದಲ್ಲಿ ಬೆರಳಿನ ಚರ್ಮ ಗಟ್ಟಿಯಾಗುತ್ತೆ.

ಟೆಕ್ಸಾಸ್ ಕನ್ನಡತಿ
ಸೂಜಿಯ ನಂಬರ್ ಕೂಡ ನೋಡಿ. ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣ. ಇಲ್ಲಿಯವರು ತೆಳು ಕ್ವಿಲ್ಟಿಗೆ ಹತ್ತನೇ ನಂಬರಿನ ಗಿಡ್ಡ ಸೂಜಿ ಹಿಡಿದು ಇಂಚಿಗೆ ಎಂಟು ಹತ್ತು ಹೊಲಿಗೆ ಹಾಕುತ್ತಾರೆ. ಐದಾರು ಪದರದ ಕೌದಿಗೆ ಅದು ನಡೆಯಲ್ಲ, ಮುರಿದೇ ಹೋಗುತ್ತೆ. ಉದ್ದನೆಯ ಗಟ್ಟಿ ಸೂಜಿ ಬೇಕು.

ಹಳೇ ಧಾರವಾಡ
ದಬ್ಬಣ ಅಂತ ಹೇಳಿಬಿಡಿ.

ಟೈಲರ್ ಮಾವ
ದಬ್ಬಣ ಗೋಣಿಚೀಲಕ್ಕೆ! ಇಳಕಲ್ ಸೀರೆಗೆ ದಬ್ಬಣ ಹಾಕಿದರೆ ತೂತೇ ಉಳಿಯೋದು.

ಕಾಫಿಪುಡಿ
ನನಗೆ ಇಷ್ಟು ದೊಡ್ಡದಕ್ಕೆಲ್ಲ ತಾಳ್ಮೆ ಇಲ್ಲ. ಸಣ್ಣದು ಏನಾದರೂ ಹೇಳಿ, ಬಸ್ಸಿನಲ್ಲಿ ಕೂತು ಮಾಡುವಂಥದ್ದು.

ಟೆಕ್ಸಾಸ್ ಕನ್ನಡತಿ
ಕಾಗದದ ಮೇಲೆ ಜೋಡಿಸುವ ಇಂಗ್ಲಿಷ್ ಪದ್ಧತಿ ನಿಮಗೇ ಹೇಳಿ ಮಾಡಿಸಿದ್ದು. ಗಟ್ಟಿ ಕಾಗದದಲ್ಲಿ ಒಂದೇ ಅಳತೆಯ ಆರುಮೂಲೆಯ ತುಂಡುಗಳನ್ನು ಕತ್ತರಿಸಿ. ಬಟ್ಟೆಯನ್ನು ಸುತ್ತಲೂ ಕಾಲಿಂಚು ಜಾಸ್ತಿ ಬಿಟ್ಟು ಕತ್ತರಿಸಿ, ಅಂಚನ್ನು ಕಾಗದದ ಹಿಂದಕ್ಕೆ ಮಡಿಚಿ ಕಚ್ಚಾ ಹೊಲಿಗೆ ಹಾಕಿ. ಇಂಥ ಎರಡು ತುಂಡುಗಳ ಮುಖಕ್ಕೆ ಮುಖ ಸೇರಿಸಿ, ಅಂಚಿನ ಎರಡೆಳೆ ಬಟ್ಟೆ ಮಾತ್ರ ಹಿಡಿದು ಸುತ್ತುಹೊಲಿಗೆ. ಸೂಜಿ ಕಾಗದಕ್ಕೆ ತಾಗಬಾರದು. ನಡುವೆ ಒಂದು, ಸುತ್ತ ಆರು ಸೇರಿದರೆ ಒಂದು ಹೂವು. ಸುತ್ತಲೂ ಬೇರೆ ತುಂಡು ಕೂತಮೇಲೆ ಒಳಗಿನ ಕಾಗದ ತೆಗೆದು ಮತ್ತೆ ಬಳಸಬಹುದು. ಇಂಗ್ಲೆಂಡಿನಲ್ಲಿ ಹಳೆ ಪತ್ರ, ಲೆಕ್ಕದ ಹಾಳೆಗಳನ್ನು ಹೀಗೆ ಬಳಸಿ ತೆಗೆಯದೇ ಬಿಟ್ಟವರಿದ್ದಾರೆ. ಆ ಕಾಗದ ಓದಿ ಕ್ವಿಲ್ಟ್ ಯಾವ ಕಾಲದ್ದು ಅಂತ ಅಂದಾಜು ಮಾಡುತ್ತಾರೆ.

ಸೂಜಿಮಲ್ಲಿಗೆ
ನಮ್ಮಲ್ಲಿ ಲಗ್ನಪತ್ರಿಕೆ ಇದೆಯಲ್ಲ! ಗಟ್ಟಿ ಕಾಗದ, ಪುಕ್ಕಟೆ, ಪ್ರತಿ ಮನೆಯಲ್ಲೂ ಒಂದು ಕಟ್ಟು.

ಗುಂಡಣ್ಣ
ಐವತ್ತು ವರ್ಷ ಆದಮೇಲೆ ಯಾರೋ ಬಿಚ್ಚಿ ನೋಡಿದರೆ "ಉಡುಗೊರೆಗಳನ್ನು ಸ್ವೀಕರಿಸುವುದಿಲ್ಲ" ಅಂತ ಇರುತ್ತೆ.

ಕಾಫಿಪುಡಿ
😂😂 ಗುಂಡಣ್ಣ, ಇದೊಂದು ಮಾತಿಗೆ ನಿಮ್ಮ ಮಷೀನ್ ಪ್ರಚಾರ ಕ್ಷಮಿಸಿದೆ.

ಬಾಗಲಕೋಟೆ ಬಸ್ಸು
ಹೊಲಿಯುವುದೆಲ್ಲ ಸರಿ, ಒಗೆಯುವುದು ಹೇಗೆ ಅಂತ ಯೋಚಿಸಿದ್ದೀರಾ? ಮಹಾನವಮಿ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲಾ ಚಕ್ಕಡಿಗೆ ಹೇರಿ ಹೊಳೆಗೆ ಒಯ್ಯುತ್ತಿದ್ದೆವು. ನೀರು ಕುಡಿದ ಕೌದಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಒಬ್ಬರು ಕೈ ಬಿಟ್ಟರೋ, ಇನ್ನೊಬ್ಬರು ಹಿಂದಕ್ಕೆ ಬಿದ್ದರೆಂದೇ ಲೆಕ್ಕ. ಬಂಡೆ ಮೇಲೆ ಹರವಿದರೆ ಸಂಜೆವರೆಗೂ ಒಣಗುತ್ತಿರಲಿಲ್ಲ.

ಕಾಫಿಪುಡಿ
ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ? ನಮ್ಮ ವಾಷಿಂಗ್ ಮಷೀನ್ ಏಳು ಕೆಜಿಯದ್ದು.

ಹಳೇ ಧಾರವಾಡ
ಒಣಗಿದ್ದಾಗ ಏಳು ಕೆಜಿ ಇಲ್ಲದಿದ್ದರೂ ನೆನೆದಮೇಲೆ ಮಷೀನ್ ಕುಣಿಯುತ್ತೆ. ಬಾತ್‌ರೂಮಿನಲ್ಲಿ ಟಬ್ಬು, ಕಾಲಲ್ಲಿ ತುಳಿಯುವುದು. ಟೆರೇಸಿನ ಕಟ್ಟೆ ಮೇಲೆ ಹಾಕಿ, ಹಗ್ಗಕ್ಕೆ ಬೇಡ, ಭಾರಕ್ಕೆ ಹೊಲಿಗೆ ಎಳೆಯುತ್ತೆ. ಟೆರೇಸಿನ ಬೀಗದ ಕೈಗೆ ಮಾತ್ರ ಅಸೋಸಿಯೇಷನ್ನಿಗೆ ಅರ್ಜಿ ಹಾಕಬೇಕು.

ಮಲಪ್ರಭಾ ದಂಡೆ
ಹೊಲಿಯುವ ಮೊದಲೇ ಕೆಂಪು ಸೀರೆಗಳನ್ನು ಬೇರೆ ಒಗೆದು ನೋಡಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ, ಬಣ್ಣ ಹತ್ತಿದರೆ ಅದನ್ನು ಧೋತರದ ಪಕ್ಕ ಇಡಬೇಡಿ. ಇಳಕಲ್ ಸೆರಗಿನ ರೇಷ್ಮೆ ಭಾಗ ಹಳೆಯದಾದರೆ ಪುಡಿಪುಡಿ ಆಗುತ್ತೆ. ಅದನ್ನು ಒಳಪದರಕ್ಕೂ ಹಾಕಬೇಡಿ, ಮೇಲೂ ಬೇಡ. ಚೌಕಟ್ಟು ಹಾಕಿಸಿ ಗೋಡೆಗಿಡಿ.

ಸೂಜಿಮಲ್ಲಿಗೆ
ಅಯ್ಯೋ, ಸೆರಗನ್ನೇ ನಟ್ಟನಡುವೆ ಇಟ್ಟಿದ್ದೇನೆ. ಕೆಂಪು, ಬಿಳಿ ತೆನೆಯ ವಿನ್ಯಾಸ ಎಷ್ಟು ಚೆಂದ ಕಾಣುತ್ತೆ ಗೊತ್ತಾ.

ಮಲಪ್ರಭಾ ದಂಡೆ
ಹಾಗಾದರೆ ಅದರ ಕೆಳಗೆ ಒಂದು ಗಟ್ಟಿ ಕಾಟನ್ ತುಂಡು ಕೊಟ್ಟು, ಹೊಲಿಗೆ ಸಾಲುಗಳನ್ನು ಒತ್ತೊತ್ತಾಗಿ ಹಾಕಿ. ಹಾಸಲು ಬೇಡ, ಹೊದೆಯಲು ಮಾತ್ರ.

ರಿಟೈರ್ಡ್ ಕಂಡಕ್ಟರ್
ಜೇನುಮೇಣ ತಂದೆ. ದಾರ ಒಂದೇ ಸಲಕ್ಕೆ ಒಳಗೆ ಹೋಯಿತು. ಹೆಂಡತಿ ಕೇಳುತ್ತಿದ್ದಾಳೆ, ಗಂಟು ಒಳಗೆ ಅಡಗಿಸುವುದು ಹೇಗೆ ಅಂತ ಇವರಿಗೆ ಗೊತ್ತಾ ಅಂತ. ಆಕೆಗೆ ಗೊತ್ತಿದೆ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ.

ಟೈಲರ್ ಮಾವ
ಸಣ್ಣ ಗಂಟು ಹಾಕಿ, ಹೊಲಿಗೆ ಶುರುವಾಗುವ ಜಾಗಕ್ಕಿಂತ ಒಂದಿಂಚು ಈಚೆಗೆ ಸೂಜಿ ಚುಚ್ಚಿ ಪದರದ ನಡುವೆ ಓಡಿಸಿ. ಬೇಕಾದ ಜಾಗದಲ್ಲಿ ಹೊರಗೆ ತೆಗೆದು ಪಟ್ಟನೆ ಎಳೆಯಿರಿ. ಗಂಟು ಮೇಲಿನ ಬಟ್ಟೆ ದಾಟಿ ಒಳಗೆ ಕೂರುತ್ತೆ. ಜೋರಾಗಿ ಎಳೆದರೆ ಮಾತ್ರ ಪೂರ್ತಿ ಹೊರಗೆ ಬಂದುಬಿಡುತ್ತೆ. ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ.

ಸೂಜಿಮಲ್ಲಿಗೆ
ನಡುವಿನಿಂದ ಶುರು ಮಾಡಿದೆ. ಇನ್ನೂ ಒಂದು ಗೇಣೂ ಆಗಿಲ್ಲ, ಆದರೆ ಉಬ್ಬಿಲ್ಲ! ಮನೆಯವರು ನಿನ್ನೆ ರಾತ್ರಿ ಸುಮ್ನೆ ಬಂದು ಪಕ್ಕ ಕೂತು, ತಮ್ಮ ಹಳೆ ಲುಂಗಿ ತಂದಿಟ್ಟು, "ಇದನ್ನೂ ಸೇರಿಸ್ತೀಯಾ" ಅಂದರು.

ಗುಂಡಣ್ಣ
ದ್ರೋಹಿ. ನಾನೊಬ್ಬನೇ ಉಳಿದೆ ಮಷೀನ್ ಪಾರ್ಟಿಯಲ್ಲಿ.

ಟೈಲರ್ ಮಾವ
ಲುಂಗಿ ಕಾಟನ್ನೋ ಟೆರಿಕಾಟೋ, ಮೊದಲು ಅದು ಹೇಳಿ.

ಸೂಜಿಮಲ್ಲಿಗೆ
…ಟೆರಿಕಾಟ್.

ಟೈಲರ್ ಮಾವ
ಬೇಡ. ಬೇಕಾದರೆ ಅದರಲ್ಲಿ ಕೌದಿ ಕಟ್ಟಿಡಲು ಒಂದು ಗಂಟಿನ ಬಟ್ಟೆ ಮಾಡಿಕೊಳ್ಳಿ.